ಎಫ್‌ಎನ್‌ಯು ಸಾಕಮ್ಮ

ಎಲ್ರಿಗೂ ನಮಸ್ಕಾರ. ಈ ಸಲ ಅಮೆರಿಕದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಮೆಂಬರ್‌ಶಿಪ್ ರಿನ್ಯೂವಲ್ ಬಗ್ಗೆ ನಾಲ್ಕು ಖಾರದ ಮಾತು ಬರೀರಿ ಅಂತ ಕಮಿಟಿಯವರು ಹೇಳಿದ್ರು. ಅದನ್ನ ಕೊನೇ ಪೇಜಲ್ಲಿ ಬಾಕ್ಸ್ ಕಟ್ಟಿ ಹಾಕಿದೀನಿ, ದಯವಿಟ್ಟು ನೋಡಿ, ದುಡ್ಡೂ ಕಟ್ಟಿ. ಇಲ್ಲಿ ಮಾತ್ರ ಬೇರೆ ವಿಷಯ, ಯಾಕಂದ್ರೆ ಎಲ್ರೂ ಮನೆಯಿಂದ ಒಂದೊಂದು ಅಡುಗೆ ತರೋ ಯುಗಾದಿ ಪಾಟ್‌ಲಕ್ ದಿನ ರಿಜಿಸ್ಟ್ರೇಷನ್ ಟೇಬಲ್ ಹತ್ರ ನಡೆದಿದ್ದು ಇವತ್ತಿಗೂ ತಲೇಲಿ ಕೂತ್ಕೊಂಡಿದೆ.

ಟೇಬಲ್‌ನಲ್ಲಿ ನೇಮ್ ಟ್ಯಾಗ್ ಬರೀತಾ ಕೂತಿದ್ದೋನು ಇಲ್ಲೇ ಹುಟ್ಟಿ ಬೆಳೆದ ಹೈಸ್ಕೂಲ್ ಹುಡುಗ. ಕನ್ನಡ ಅರ್ಥ ಆಗುತ್ತೆ, ಮಾತಾಡೋಕೆ ಸ್ವಲ್ಪ ಸಂಕೋಚ. ಒಬ್ರು ಅಜ್ಜಿ, ಎಪ್ಪತ್ತೈದು ದಾಟಿರಬಹುದು, ಮಗಳ ಮನೆಗೆ ಆರು ತಿಂಗಳಿಗೆ ಅಂತ ಬಂದಿದ್ದೋರು, ರೇಷ್ಮೆ ಸೀರೆ ಉಟ್ಕೊಂಡು ಕೈಯಲ್ಲಿ ಹೋಳಿಗೆ ಡಬ್ಬಿ ಹಿಡ್ಕೊಂಡು ಮುಂದೆ ನಿಂತಿದ್ದಾರೆ. ಅಳಿಯ ಆನ್‌ಲೈನ್‌ನಲ್ಲಿ ರಿಜಿಸ್ಟರ್ ಮಾಡೋವಾಗ ವೀಸಾದಲ್ಲಿ ಇದ್ದಂಗೇ ಹೆಸರು ಟೈಪ್ ಮಾಡಿಬಿಟ್ಟಿದಾನೆ. ಹುಡುಗ ಲಿಸ್ಟ್ ನೋಡಿ ಬಹಳ ಮರ್ಯಾದೆಯಿಂದ "ವೆಲ್ಕಮ್, ಫ್ನೂ ಆಂಟಿ" ಅಂದ.

ಪಾಸ್‌ಪೋರ್ಟಲ್ಲಿ ಒಂದೇ ಹೆಸರಿರೋರ ಮನೆಯವರಿಗೆ ಈ ಫ್ನೂ ಯಾರು ಅಂತ ಚೆನ್ನಾಗೇ ಗೊತ್ತಿರುತ್ತೆ. ಸರ್‌ನೇಮ್ ಜಾಗ ಖಾಲಿ ಇದ್ರೆ ಅಮೆರಿಕದ ವೀಸಾದಲ್ಲಿ ಇರೋ ಒಂದು ಹೆಸರನ್ನ ಎತ್ತಿ ಸರ್‌ನೇಮ್ ಮಾಡ್ತಾರೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (FNU) ಅಂತ ಹಾಕ್ತಾರೆ, ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ ಅಂತ. ಆ ಮೂರಕ್ಷರವನ್ನೇ ಹುಡುಗ ಫ್ನೂ ಅಂತ ಓದಿದ್ದು. ಅಂದ್ರೆ ಸಾಕಮ್ಮ ಅನ್ನೋ ಹೆಂಗಸು ಫ್ಲೈಟ್ ಇಳಿಯೋ ಹೊತ್ತಿಗೆ ಸಾಕಮ್ಮ ಅನ್ನೋ ಮನೆತನದ, ಹೆಸರೇ ಗೊತ್ತಿಲ್ಲದ ಒಬ್ಬ ಹೆಂಗಸು ಆಗಿರ್ತಾಳೆ. ಇನ್ಶೂರೆನ್ಸ್ ಕಾರ್ಡ್‌ನಲ್ಲೂ ಅದೇ, ಡಾಕ್ಟರ್ ಶಾಪಲ್ಲಿ ಹೊರಗೆ ಬಂದು ಕೂಗೋದೂ ಅದೇ.

ಅಜ್ಜಿ "ಅದೇನಪ್ಪ ಅದು ಫ್ನೂ? ನಾನು ಸಾಕಮ್ಮ" ಅಂದ್ರು. ಹುಡುಗ ಗಾಬರಿಯಾಗಿ "ಸಾಕರ್ ಮಾಮ್?" ಅಂತ ಕೇಳಿದ. (ಮಕ್ಕಳನ್ನ ಫುಟ್‌ಬಾಲ್ ಆಟಕ್ಕೆ ಕಾರಲ್ಲಿ ಕರ್ಕೊಂಡು ಓಡಾಡೋ ಅಮ್ಮಂದಿರಿಗೆ ಇಲ್ಲಿ ಹಂಗಂತಾರೆ.) ಹಿಂದೆ ಕ್ಯೂನಲ್ಲಿ ನಿಂತಿದ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು, ಅಜ್ಜಿಗೆ ಮಾತ್ರ ಯಾಕೆ ಅಂತ ಗೊತ್ತಾಗಲಿಲ್ಲ, ಆದ್ರೂ ಎಲ್ರ ಜೊತೆ ಅವರೂ ನಕ್ಕರು.

ಊಟಕ್ಕೆ ಅವರ ಪಕ್ಕದಲ್ಲೇ ಹೋಗಿ ಕೂತೆ. ಸಂಪಾದಕರಿಗೆ ಇರೋ ಕೆಟ್ಟ ಚಾಳಿ ಅದು, ಎಲ್ಲಿ ಒಂದು ಕಾಲಂ ಸಿಗುತ್ತೋ ಅಲ್ಲಿ ತಟ್ಟೆ ಇಟ್ಕೊಂಡು ಕೂರೋದು. ಈ ಹೆಸರು ಯಾಕೆ ಇಟ್ರು ಅಂತ ಕೇಳಿದೆ, ಉತ್ತರ ಅರ್ಧ ಗೊತ್ತಿದ್ದೇ ಕೇಳಿದೆ. ಅವರು ಒಂದು ಚೂರೂ ಬೇಜಾರಿಲ್ಲದೆ ಹೇಳಿದ್ರು: "ನಾನು ನಾಕ್ನೇದು ಕಣಪ್ಪ. ಮೂರು ಹೆಣ್ಣಾದ ಮ್ಯಾಲೆ ನಾನೂ ಹೆಣ್ಣೇ ಹುಟ್ಟಿದ್ನಲ್ಲ, ಇನ್ನು ಸಾಕು ಕಣಮ್ಮ ತಾಯಿ ಅಂತ ದೇವರಿಗೆ ಕೈ ಮುಗ್ದು ಸಾಕಮ್ಮ ಅಂತ ಇಟ್ರು. ದೇವರಿಗೆ ಕನ್ನಡ ಬತ್ತಿರ್ನಿಲ್ವೇನೋ, ನನ್ನ ಬೆನ್ನ ಮ್ಯಾಲೆ ಇನ್ನೂ ಇಬ್ಬರು ಹೆಣ್ಣುಮಕ್ಕಳು."

ನಮ್ಮಲ್ಲಿ ಸಾಕಮ್ಮ ಅನ್ನೋ ಹೆಸರಿಗೆ ಎಲ್ರೂ ಹೇಳೋ ಅರ್ಥ ಇದೇ. ಹೆಣ್ಣು ಸಾಕು, ಇನ್ನಾದ್ರೂ ಗಂಡು ಕೊಡು ಅಂತ ದೇವರಿಗೆ ಬರೆದ ಅರ್ಜಿ, ಮಗು ಹಣೆ ಮೇಲೆ ಅಂಟಿಸಿ ಕಳಿಸಿದ್ದು. ಬರೀ ನಮ್ಮ ಸೀಮೆ ಕಥೆ ಅಂದ್ಕೋಬೇಡಿ. ಹರಿಯಾಣದ ಕುಸ್ತಿ ಹುಡುಗಿ ಅಂತಿಮ್ ಪಂಘಾಲ್ ಇದಾಳಲ್ಲ, 2022ರಲ್ಲಿ 20 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಹುಡುಗಿ, ಅವಳ ಹೆಸರಿನ ಕಥೆಯೂ ಇದೇ, ಮನೇಲಿ ನಾಲ್ಕನೇ ಹೆಣ್ಣು, ಇದೇ ಕೊನೇದಾಗಲಿ ಅಂತ ಅಂತಿಮ್. ಮಹಾರಾಷ್ಟ್ರದಲ್ಲಿ ಇನ್ನೂ ನೇರ, ನಕೋಶಿ ಅಂತಾನೇ ಇಡ್ತಿದ್ರು, ಬೇಡವಾದವಳು ಅಂತ ಅರ್ಥ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭ ಮಾಡಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ರು, ಎಷ್ಟೋ ಜನ ತಮ್ಮ ಹೆಸರನ್ನ ತಾವೇ ಆರಿಸ್ಕೊಂಡ್ರು. ಒಳ್ಳೇದೇ ಮಾಡಿದ್ರು. ದಿನಾ ಬೆಳಿಗ್ಗೆ ಅಟೆಂಡೆನ್ಸ್‌ನಲ್ಲಿ "ಬೇಡವಾದವಳು" ಅಂತ ಕೂಗಿದಾಗ "ಪ್ರೆಸೆಂಟ್ ಮೇಡಂ" ಅನ್ನೋ ಕರ್ಮ ಯಾವ ಮಗುವಿಗೂ ಬೇಡ.

ಆದ್ರೆ ಸಾಕಮ್ಮನನ್ನ ನಕೋಶಿ ಪಕ್ಕ ಕೂರಿಸಿ ಸುಮ್ನಾಗೋಕೆ ನನಗೆ ಮನಸ್ಸು ಬರಲ್ಲ. ಅದಕ್ಕೆ ಕನ್ನಡ ಭಾಷೆಯೇ ಕಾರಣ.

ಕನ್ನಡದಲ್ಲಿ ಸಾಕು ಅನ್ನೋದು ಎರಡು ಬೇರೆ ಬೇರೆ ಪದ, ಕೇಳೋಕೆ ಮಾತ್ರ ಒಂದೇ ಥರ. ಒಂದು ಸಾಕು, ಬಡಿಸ್ತಾ ಇರೋರಿಗೆ ಎಲೆ ಮೇಲೆ ಕೈ ಅಡ್ಡ ಹಿಡಿದು ಹೇಳ್ತೀವಲ್ಲ ಅದು. ಅದರ ಬೇರು ಸಾಲ್, ಅಂದ್ರೆ ಬೇಕಾದಷ್ಟು ಆಗೋದು. "ಸಂಬಳ ಸಾಲಲ್ಲ" ಅಂತೀವಲ್ಲ, ಆ ಸಾಲದು ಮತ್ತೆ ಈ ಸಾಕು ಒಂದೇ ಮನೆಯವು. ತೆಲುಗಿನವರು ಚಾಲು ಅಂತಾರಲ್ಲ, ಅದೂ ಇದರ ನೆಂಟನೇ. ಇನ್ನೊಂದು ಸಾಕು ಅಂದ್ರೆ ಪೋಷಿಸು, ಬೆಳೆಸು. ಸಾಕುಮಗ, ಸಾಕುತಾಯಿ, ಸಾಕುನಾಯಿ, ಸಾಕಿ ಸಲಹಿದ್ರು ಅಂತೆಲ್ಲ ಬರುತ್ತಲ್ಲ ಅದು. ತೆಲುಗಲ್ಲೂ ಸಾಕು ಅಂದ್ರೆ ಬೆಳೆಸೋದು, ತುಳುವಲ್ಲಿ ಸಾಂಕುನಿ. ಎರಡಕ್ಕೂ ರಕ್ತಸಂಬಂಧ ಇಲ್ಲ, ಉಚ್ಚಾರ ಮಾತ್ರ ಒಂದಾಗಿ ಕೂತಿದೆ.

ಹಾಗಾಗಿ ಸಾಕಮ್ಮ ಅಂತ ಕೂಗಿದ್ರೆ "ಸಾಕು, ಅಮ್ಮ" ಅಂತಾನೂ ಕೇಳಬಹುದು, ಸಾಕುವ ಅಮ್ಮ ಅಂತಾನೂ ಕೇಳಬಹುದು, ದೇವರ ಕಡೆ ತಿರುಗಿ "ಅಮ್ಮಾ, ಈ ಕೂಸನ್ನ ನೀನೇ ಸಾಕು" ಅಂತ ಬೇಡ್ಕೊಂಡಂಗೂ ಕೇಳಬಹುದು. ಹೆಸರು ಇಟ್ಟೋರ ಮನಸ್ಸಲ್ಲಿ ಮೊದಲನೇದೇ ಇತ್ತು ಅಂತ ಇಟ್ಕೊಳಿ, ಆದ್ರೆ ಹೆಸರನ್ನ ಇಡೋದು ಒಂದು ಸಲ, ಕೂಗೋದು ಜೀವನ ಪೂರ್ತಿ. ಅಲ್ಲದೆ ಎಲ್ಲ ಸಾಕಮ್ಮಂದಿರೂ ನಾಲ್ಕನೇ ಹೆಣ್ಣೇ ಆಗಿರಬೇಕಿಲ್ಲ, ಅಜ್ಜಿ ಹೆಸರನ್ನ ಮೊಮ್ಮಗಳಿಗೆ ಇಡೋ ಪದ್ಧತಿ ಇದ್ದ ಕಾಲ, ಎಷ್ಟೋ ಜನಕ್ಕೆ ಸಾಕಮ್ಮ ಅನ್ನೋದು ಅಜ್ಜಿ ಕಾಸಿನ ಸರದ ಥರ ಹಂಗೇ ಬಂದಿರುತ್ತೆ.

ಹಳೇ ಹೆಸರುಗಳನ್ನ ಮೇಲುಮೇಲೆ ಓದಿ ಬೇಜಾರು ಮಾಡ್ಕೊಳೋ ಅಭ್ಯಾಸ ನಮಗಿದೆ. ತಿಪ್ಪಯ್ಯ, ತಿಪ್ಪಮ್ಮ ಅಂದ್ರೆ ನಮ್ಮ ಮಕ್ಕಳು ಮುಖ ಸಿಂಡರಿಸ್ತಾರೆ. ಆದ್ರೆ ಆ ಹೆಸರು ಇಟ್ಟೋರು ಮಗುವನ್ನ ಬೈದಿದ್ದಲ್ಲ. ಹುಟ್ಟಿದ್ದೆಲ್ಲ ಕೈಗೆ ದಕ್ಕದೆ ಹೋಗ್ತಿದ್ದ ಕಾಲದಲ್ಲಿ, ಹೊಸ ಕೂಸನ್ನ ಮೊರದಲ್ಲಿ ಹಾಕಿ ತಿಪ್ಪೆ ಮೇಲೆ ಮಲಗಿಸಿ, ನಮ್ಮದಲ್ಲ ಇದು, ಕಸದ ಜೊತೆ ಬಿದ್ದಿತ್ತು ಎತ್ಕೊಂಡು ಬಂದ್ವಿ ಅಂತ ಸಾವಿಗೆ ಸುಳ್ಳು ಹೇಳಿ ಉಳಿಸ್ಕೊಂಡ ಹೆಸರು ಅದು. ಗುಂಡಪ್ಪ, ಕಲ್ಲಪ್ಪ ಅಂದ್ರೆ ಕಲ್ಲು ಗುಂಡಿನ ಥರ ಗಟ್ಟಿಯಾಗಿರಲಿ ಅಂತ. ಹುಚ್ಚಪ್ಪ ಅಂದ್ರೆ ಯಾರ ಕಣ್ಣೂ ಬೀಳದಿರಲಿ ಅಂತ. (ಎಲ್ಲ ತಿಪ್ಪೇಸ್ವಾಮಿಗಳೂ ತಿಪ್ಪೆಯಿಂದ ಬಂದೋರಲ್ಲ ಮತ್ತೆ, ಚಿತ್ರದುರ್ಗ ಸೀಮೆಯಲ್ಲಿ ಬಹಳ ಜನಕ್ಕೆ ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರು. ಇದನ್ನ ಬರೀದೆ ಬಿಟ್ರೆ ನನಗೆ ಫೋನ್ ಮಾಡೋ ಒಬ್ರು ಇದಾರೆ, ಅದಕ್ಕೇ ಬರೆದೆ.)

ಸಾಕಮ್ಮ ಅನ್ನೋದು ಆ ಗುಂಪಿಗೂ ಪೂರ್ತಿ ಸೇರಲ್ಲ, ಅದರಲ್ಲಿ ಗಂಡು ಬೇಕು ಅನ್ನೋ ಆಸೆ ಇದ್ದೇ ಇದೆ, ಅದನ್ನ ಮುಚ್ಚಿಡೋದು ಬೇಡ. ಒಂದು ಮಾತು ಮಾತ್ರ ಹೇಳ್ತೀನಿ. ಸಾಕಮ್ಮ ಅಂತ ಹೆಸರು ಇರಬೇಕು ಅಂದ್ರೆ ಆ ಹುಡುಗಿ ಹುಟ್ಟಿರಬೇಕು, ತೊಟ್ಟಿಲಿಗೆ ಹಾಕಿರಬೇಕು, ಕಿವೀಲಿ ಹೆಸರು ಹೇಳಿರಬೇಕು. ಆಮೇಲೆ ಸ್ಕ್ಯಾನಿಂಗ್ ಬಂತು, ಭ್ರೂಣದ ಲಿಂಗ ಪತ್ತೆ ಮಾಡಬಾರದು ಅಂತ 1994ರಲ್ಲಿ ಕಾನೂನೇ ತರಬೇಕಾಯ್ತು. ಸಾಕು ಅಂತ ಬಾಯಲ್ಲಿ ಹೇಳಿ ತೊಡೆ ಮೇಲೆ ಮಲಗಿಸ್ಕೊಂಡೋರಿಗಿಂತ, ಏನೂ ಹೇಳದೆ ರಿಪೋರ್ಟ್ ನೋಡಿ ಹೊರಟೋರು ಸುಸಂಸ್ಕೃತರು ಅಂತ ನಾನಂತೂ ಒಪ್ಪಲ್ಲ.

ಅಜ್ಜಿ ಕಾಫಿ ಬೇಕು ಅಂದ್ರು. ನಮ್ಮ ಪಾಟ್‌ಲಕ್ ಕಾಫಿ ಹೇಗಿರುತ್ತೆ ನಿಮಗೇ ಗೊತ್ತು, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು "ಕಾಫಿಪುಡಿ ಸಾಕಮ್ಮ ನೋಡಿದ್ರೆ ಅಳ್ತಿದ್ಲು" ಅಂದ್ರು. ನನಗೆ ಖುಷಿಯಾಯ್ತು, ಯಾಕಂದ್ರೆ ಈ ಹೆಸರಲ್ಲಿ ಅತಿ ದೊಡ್ಡ ಹೆಸರು ಮಾಡಿದ ಹೆಂಗಸು ಆ ಕಾಫಿಪುಡಿ ಸಾಕಮ್ಮನೇ, ಹೊಸಬರಿಗೆ ಗೊತ್ತೇ ಇರಲ್ಲ. ಡಿ. ಸಾಕಮ್ಮ, ಹುಟ್ಟಿದ್ದು 1880ರಲ್ಲಿ, ತುಮಕೂರು ಕಡೆಯ ಬಿದರೆ. ಹದಿನಾರನೇ ವಯಸ್ಸಿಗೆ ಕೊಡಗಿನ ಒಬ್ಬ ದೊಡ್ಡ ಕಾಫಿ ಪ್ಲಾಂಟರ್‌ಗೆ ಮದುವೆ ಮಾಡಿಕೊಟ್ರು, ಸ್ವಲ್ಪ ದಿನಕ್ಕೇ ಗಂಡ ತೀರ್ಕೊಂಡ್ರು, ಅಷ್ಟು ಚಿಕ್ಕ ವಯಸ್ಸಲ್ಲಿ ತೋಟದ ಭಾರ ಪೂರ್ತಿ ಇವರ ತಲೆ ಮೇಲೆ. ಆಗಿನ ಕಾಲದಲ್ಲಿ ವಿಧವೆ ಅಂದ್ರೆ ಅಡುಗೆಮನೆ ಮೂಲೆ. ಇವರು ತೋಟ ನಡೆಸಿದ್ರು, ಆಮೇಲೆ ಬೆಂಗಳೂರಿಗೆ ಬಂದು ಬಸವನಗುಡಿಯಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡೋ ಕಾರ್ಖಾನೆ ಶುರು ಮಾಡಿದ್ರು. ಊರಿಗೂರೇ ಕಾಫಿಪುಡಿ ಸಾಕಮ್ಮ ಅಂತ ಕರೀತು. ಮೈಸೂರು ಪ್ರಜಾಪ್ರತಿನಿಧಿ ಸಭೆಗೆ 1920ರ ದಶಕದಲ್ಲಿ ಕಾಲಿಟ್ಟ ಮೊದಮೊದಲ ಹೆಂಗಸರಲ್ಲಿ ಅವರೂ ಒಬ್ರು. ಮಹಾರಾಜರು ಲೋಕಸೇವಾಪರಾಯಣೆ ಅಂತ ಬಿರುದು ಕೊಟ್ರು, ಬ್ರಿಟಿಷರು ಕೈಸರ್-ಎ-ಹಿಂದ್ ಮೆಡಲ್ ಕೊಟ್ರು. 1950ರಲ್ಲಿ ತೀರ್ಕೊಂಡ್ರು. ಬಸವನಗುಡಿಯಲ್ಲಿ ಸಾಕಮ್ಮ ಗಾರ್ಡನ್ ಅಂತ ಈಗಲೂ ಒಂದು ಜಾಗ ಇದೆ, ಆಟೋದವರಿಗೆ ಗೊತ್ತು.

"ನಮ್ಮ ತುಮಕೂರು ಕಡೆಯೋಳೇ ಕಣಪ್ಪ ಅವಳು" ಅಂತ ಅಜ್ಜಿ, ಏನೋ ಸ್ವಂತ ಚಿಕ್ಕಮ್ಮನ ಬಗ್ಗೆ ಹೇಳಿದಂಗೆ ಹೇಳಿದ್ರು. ಆಮೇಲೆ ತಮ್ಮ ಕಥೆಗೆ ವಾಪಸ್ ಬಂದ್ರು. ಆರು ಹೆಣ್ಣಾದ ಮೇಲೆ ಕೊನೆಗೂ ಒಬ್ಬ ತಮ್ಮ ಹುಟ್ಟಿದನಂತೆ. ಅಮ್ಮನಿಗೆ ಬಾಣಂತನದಲ್ಲೇ ಹುಷಾರು ತಪ್ಪಿ ತಿಂಗಳುಗಟ್ಟಲೆ ಏಳೋಕೆ ಆಗ್ಲಿಲ್ಲ, ದೊಡ್ಡ ಅಕ್ಕಂದಿರಿಗೆ ಮದುವೆಯಾಗಿತ್ತು, ಹಂಗಾಗಿ ಹನ್ನೊಂದು ವರ್ಷದ ಸಾಕಮ್ಮ ಸ್ಕೂಲ್ ಬಿಟ್ಟು ಅವನನ್ನ ಸೊಂಟದ ಮೇಲೆ ಹಾಕ್ಕೊಂಡೇ ಹಸು ಮೇಸೋಕೆ ಹೋಗ್ತಿದ್ದರಂತೆ. "ಸ್ಲೇಟು ಹಿಡಿಯೋ ಕೈಯಲ್ಲಿ ಅವನ್ನ ಹಿಡ್ಕೊಂಡೆ" ಅಂದ್ರು. ಅವನು ಓದಿ ಸರ್ಕಾರಿ ಕೆಲಸಕ್ಕೆ ಸೇರಿ ರಿಟೈರೂ ಆದ. ಈಗಲೂ ದಿನಾ ಸಂಜೆ ಅಲ್ಲಿಂದ ವಾಟ್ಸಾಪ್ ಕಾಲ್ ಮಾಡ್ತಾನಂತೆ, ಇಲ್ಲಿ ಬೆಳಗಿನ ಜಾವ, ಅಳಿಯನಿಗೆ ನಿದ್ದೆ ಹಾಳು. "ಸಾಕಕ್ಕ ಎದ್ದಾ?" ಅಂತ ಕೇಳ್ತಾನಂತೆ.

ಸಾಕಕ್ಕ ಅಂದಾಗ ಅದು ಯಾವ ಸಾಕು ಅಂತ ಬಿಡಿಸಿ ಹೇಳೋದು ಬೇಡ ಅನ್ಸುತ್ತೆ.

ಇನ್ನು ಹೆಸರಿನ ಪಾಪ್ಯುಲಾರಿಟಿ. ಮೊಮ್ಮಕ್ಕಳಿರೋ ವಯಸ್ಸಿನ ಸಾಕಮ್ಮಂದಿರು ಹಳೇ ಮೈಸೂರು ಕಡೆ ಹಳ್ಳಿಗಳಲ್ಲಿ ಸಿಗ್ತಾರೆ. ಸಾಕಮ್ಮ ಅನ್ನೋ ಕೈಗೂಸನ್ನ ಮಾತ್ರ ನಾನು ಕಂಡಿಲ್ಲ, ನೀವೂ ಕಂಡಿರಲಿಕ್ಕಿಲ್ಲ. ಇಲ್ಲಿನ ಸೋಶಿಯಲ್ ಸೆಕ್ಯುರಿಟಿಯವರು, ಅಂದ್ರೆ ಪಿಂಚಣಿ ನೋಡ್ಕೊಳೋ ಸರ್ಕಾರಿ ಇಲಾಖೆಯವರು, ಮಕ್ಕಳ ಹೆಸರಿನ ಪಟ್ಟಿ ಬಿಡ್ತಾರಲ್ಲ, ಅದು ಶುರುವಾಗೋದೂ 1880ರಿಂದಲೇ, ಕಾಫಿಪುಡಿ ಸಾಕಮ್ಮ ಹುಟ್ಟಿದ ವರ್ಷ. ಆದ್ರೆ ಆ ಪಟ್ಟಿಗೆ ಬರಬೇಕಂದ್ರೆ ಒಂದು ವರ್ಷದಲ್ಲಿ ಕನಿಷ್ಠ 5 ಮಕ್ಕಳಿಗೆ ಆ ಹೆಸರು ಇಟ್ಟಿರಬೇಕು. ಅಮೆರಿಕ ಪೂರ್ತಿ ಹುಡುಕಿದ್ರೂ ಒಂದೇ ವರ್ಷದಲ್ಲಿ ಐದು ಸಾಕಮ್ಮಂದಿರು ಹುಟ್ಟೋದು ಯಾವ ಜನ್ಮಕ್ಕೆ ಹೇಳಿ.

ಇನ್ನೊಂದು ಕಡೆ ನಮ್ಮ ಸಂಘದ ಹೊಸ ಅಪ್ಪ ಅಮ್ಮಂದಿರು ನನಗೆ ಮೆಸೇಜ್ ಮಾಡ್ತಾನೇ ಇರ್ತಾರೆ, ಸಾರ್ ಒಂದು ಯುನೀಕ್ ಹೆಸರು ಹೇಳಿ, ಯಾರೂ ಇಟ್ಟಿರಬಾರದು, ಎರಡು ಅಕ್ಷರ ಇರಬೇಕು, ಇಲ್ಲಿನೋರಿಗೂ ಹೇಳೋಕೆ ಬರಬೇಕು, ಸಂಸ್ಕೃತದಲ್ಲಿ ಲಕ್ಷ್ಮಿ ಅಂತ ಅರ್ಥ ಬರಬೇಕು. ಈ ಯುನೀಕ್ ಎಲ್ಲ ಸೇರಿ ನಮ್ಮ ಭಾನುವಾರದ ಕನ್ನಡ ಕ್ಲಾಸಲ್ಲಿ ಈಗ ಮೂರು ಸಾನ್ವಿ, ಎರಡು ಆನ್ವಿ, ಒಬ್ಬಳು ತನ್ವಿ. ಟೀಚರ್ "ವೀ" ಅಂತ ಕೂಗಿದ್ರೆ ಅರ್ಧ ಕ್ಲಾಸ್ ಎದ್ದು ನಿಲ್ಲುತ್ತೆ. ನಾನು ಯಾರಿಗೂ ಸಾಕಮ್ಮ ಅಂತ ಸಜೆಸ್ಟ್ ಮಾಡ್ತಿಲ್ಲ ಮತ್ತೆ, ಮಾಡಿದ್ರೆ ಮುಂದಿನ ವರ್ಷ ಮೆಂಬರ್‌ಶಿಪ್ ಇನ್ನೂ ಕಮ್ಮಿ ಆಗುತ್ತೆ.

ಆ ದಿನ ಹುಡುಗ ಹೊಸ ಟ್ಯಾಗ್ ತಗೊಂಡು ಕನ್ನಡದಲ್ಲೇ ಬರೆಯೋಕೆ ಕೂತ. ಮೊದಲು ಸಕಮ್ಮ ಅಂತ ಬರೆದ, ಅಜ್ಜಿ "ದೀರ್ಘ ಹಾಕಪ್ಪ" ಅಂದ್ರು. ಆಮೇಲೆ ಸಾಕಾಮ್ಮ ಅಂತ ಬರೆದ, "ಅಯ್ಯೋ ಅಲ್ಲಿಗಲ್ಲ, ಇದು ಜಾಸ್ತಿ ಆಯ್ತು" ಅಂದ್ರು. ಮೂರನೇದು ಸರಿಯಾಯ್ತು. ಸ್ಟಿಕ್ಕರ್ ರೇಷ್ಮೆ ಮೇಲೆ ನಿಲ್ಲದೆ ಎರಡು ಸಲ ಹೋಳಿಗೆ ಡಬ್ಬಿ ಮೇಲೆ ಬಿತ್ತು, ಅವರೇ ಬಳೆಯಿಂದ ಪಿನ್ ತೆಗೆದು ಚುಚ್ಕೊಂಡ್ರು.

ಅದಕ್ಕೇ ಮುಂದಿನ ಸಂಚಿಕೆಗೆ ಒಂದು ಪುಟ ಖಾಲಿ ಇಟ್ಟಿದೀನಿ. ನಿಮ್ಮ ಅಜ್ಜಿ, ಮುತ್ತಜ್ಜಿ ಹೆಸರು, ಅದು ಹೇಗೆ ಬಂತು ಅನ್ನೋ ಕಥೆ, ಐದಾರು ಸಾಲಲ್ಲಿ ಬರೆದು ಕಳಿಸಿ. ಕನ್ನಡ ಲಿಪಿಯಲ್ಲೇ ಕಳಿಸಿ, ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ದೀರ್ಘ ಎಲ್ಲಿ ಅಂತ ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಬೇಕಾಗುತ್ತೆ.