ಹಿಂದಿನ ಬೆಂಚಿನಲ್ಲಿ ಕೂತವರಿಗೆ

ಮೊನ್ನೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ನಮ್ಮ ಶಾಲೆಯ 31 ಮಕ್ಕಳಲ್ಲಿ 24 ಮಂದಿ ಗಣಿತದಲ್ಲಿ ಪಾಸು. ಫ್ಲೆಕ್ಸ್ ಕಟ್ಟಿಸುವಂಥದ್ದೇನಲ್ಲ. ಉಳಿದ ಏಳು ಮಕ್ಕಳಿಗೆ ಪರೀಕ್ಷೆ-2 ಇದೆ, ನಾಳೆಯಿಂದ ಬೆಳಗ್ಗೆ ಎಂಟಕ್ಕೇ ಬರಲು ಹೇಳಿದ್ದೇನೆ. ಅದಕ್ಕೂ ಮುಂಚೆ ಕೆಲವರಿಗೆ ಥ್ಯಾಂಕ್ಸ್ ಹೇಳುವುದಿದೆ. ಎದುರಿಗೆ ಹೇಳಿದರೆ ‘ಅಯ್ಯೋ ಬಿಡಿ ಮೇಡಂ, ಟೀ ಕೊಡ್ಸಿ ಸಾಕು’ ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಇಲ್ಲಿಗೆ ಬಂದು ಒಂಬತ್ತು ವರ್ಷ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತಲ್ಲ, ಆ ವರ್ಷ ಇಡೀ ರಾಜ್ಯದ ಫಲಿತಾಂಶವೇ ಕುಸಿಯಿತು. ನಮ್ಮಲ್ಲಿ 34ರಲ್ಲಿ 15 ಮಕ್ಕಳು ಗಣಿತದಲ್ಲಿ ಫೇಲ್. ಜೂನ್‌ನಲ್ಲಿ ಒಂದು ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಕಾರಣ ಕೇಳಿದರು. ಹೇಳಿದೆ. ಮನೆಯಲ್ಲಿ ತೆಲುಗು, ಟೊಮೆಟೊ ಕೀಳುವಾಗ ಗೈರುಹಾಜರಿ, ಮಗ್ಗಿ ಬರಲ್ಲ. ಎಲ್ಲವೂ ಮಕ್ಕಳ ಮೇಲಿನ ದೂರೇ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದ ನಮ್ಮ ಕನ್ನಡ ಮೇಡಂ ಸಮಾಧಾನ ಮಾಡಲಿಲ್ಲ. ಕೈವಾರ ಕ್ರಾಸ್ ದಾಟುವವರೆಗೂ ಸುಮ್ಮನಿದ್ದು, ‘ನಾಳೆ ನಿಮ್ಮ ಕ್ಲಾಸಲ್ಲಿ ಹಿಂದೆ ಬಂದು ಕೂತ್ಕೊಳ್ಲಾ?’ ಅಂದರು.

ನಿಜ ಹೇಳಬೇಕೆಂದರೆ ನನಗೆ ಇಷ್ಟವಿರಲಿಲ್ಲ. ನಮ್ಮಲ್ಲಿ ಕ್ಲಾಸಿಗೆ ದೊಡ್ಡವರು ಯಾರಾದರೂ ಬಂದು ಕೂತರೆ ಅದು ತಪಾಸಣೆ. ಪಾಠ ಟಿಪ್ಪಣಿ ಹುಡುಕು, ಚಾರ್ಟ್ ನೇತುಹಾಕು, ಚುರುಕು ಮಕ್ಕಳನ್ನು ಮುಂದೆ ತಂದು ಕೂರಿಸು. ಆದರೂ ಹೂಂ ಅಂದೆ. ಬೇಡ ಅನ್ನುವಷ್ಟು ಶಕ್ತಿಯೂ ಇರಲಿಲ್ಲ.

ಅವತ್ತು ಸಮರೂಪ ತ್ರಿಭುಜಗಳ ಪಾಠ. ಚೆನ್ನಾಗೇ ಮಾಡಿದೆ ಅಂದುಕೊಂಡೆ. ಸಂಜೆ ಮೇಡಂ ಒಂದು ಹಾಳೆ ಕೊಟ್ಟರು. ನನ್ನ ದನಿ, ಬೋರ್ಡು, ಅಕ್ಷರ ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ಬರೀ ಲೆಕ್ಕ. ನಾನು ಕೇಳಿದ ಪ್ರಶ್ನೆ 38. ಅದರಲ್ಲಿ 21ಕ್ಕೆ ಉತ್ತರ ಹೇಳಿದ್ದು ನಾನೇ. ಮಿಕ್ಕಿದ್ದಕ್ಕೆ ಮುಂದಿನ ಬೆಂಚಿನ ಅದೇ ನಾಲ್ವರು. ‘ಅರ್ಥ ಆಯ್ತಾ?’ ಅಂತ ಒಂಬತ್ತು ಸಲ ಕೇಳಿದ್ದೆ, ಒಂಬತ್ತು ಸಲವೂ ‘ಆಯ್ತೂ ಮೇಡಂ’ ಅನ್ನುವ ಕೋರಸ್ ಬಂದಿತ್ತು. ಕೊನೆಯಲ್ಲಿ ಒಂದು ಸಾಲು: ‘ಕಿಟಕಿ ಪಕ್ಕದ ಹುಡುಗಿ ಪಕ್ಕದವಳಿಗೆ ಹೇಳಿದ್ದು, ಶೇಪು ಒಕಟೇ, ಸೈಜೇ ವೇರೆ. ಕೈ ಎತ್ತಲಿಲ್ಲ.’

ಆಕಾರ ಒಂದೇ, ಅಳತೆ ಬೇರೆ. ಸಮರೂಪತೆ ಅಂದರೆ ಅಷ್ಟೇ ತಾನೇ? ನಾನು ನಲವತ್ತು ನಿಮಿಷ ಹೇಳಿದ್ದನ್ನು ಅವಳು ನಾಲ್ಕು ಪದದಲ್ಲಿ ಹೇಳಿ ಮುಗಿಸಿದ್ದಳು. ಆ ಹೊತ್ತಿಗೆ ಸರಿಯಾಗಿ ನಾನು ‘ಅಲ್ಲೇನು ಮಾತು?’ ಅಂತ ಅವಳನ್ನು ಗದರಿದ್ದೆ.

ಕನ್ನಡ ಮೇಡಂ ಬಾಗೇಪಲ್ಲಿ ಕಡೆಯವರು, ಮನೆಯಲ್ಲಿ ತೆಲುಗಲ್ಲೇ ಬೆಳೆದವರು. ಹಿಂದಿನ ಬೆಂಚಿನ ಪಿಸುಮಾತು ಅವರಿಗೆ ಪಾಠ, ನನಗೆ ಗಲಾಟೆ. ಮೇಡಂ, ಆ ಹಾಳೆ ಇವತ್ತಿಗೂ ನನ್ನ ಡೈರಿಯಲ್ಲಿದೆ. ಈಗ ನನಗೂ ‘ಮೂಡು ನಾಲುಗುಲು ಪನ್ನೆಂಡು’ ಅಂತ ಮಗ್ಗಿ ಕೇಳಿಸಿದರೆ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಆಮೇಲೆ ಕಾಯುವುದನ್ನು ಕಲಿತೆ. ಅಮೆರಿಕದ ಮೇರಿ ಬಡ್ ರೋ ಎಂಬುವವರು 1970ರ ದಶಕದಲ್ಲೇ ಇದನ್ನು ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು ಅಷ್ಟೇ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ತರಬೇತಿಯೊಂದರಲ್ಲಿ ಇದನ್ನು ಕೇಳಿ ತಲೆಯಾಡಿಸಿ ಬಂದಿದ್ದೆ. ನಾನೇ ಮಾಡಲು ಹೋದಾಗ ಗೊತ್ತಾಯಿತು, ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ. ಬೆನ್ನ ಹಿಂದೆ ಸೀಮೆಸುಣ್ಣ ಹಿಡಿದುಕೊಂಡು ಒಳಗೊಳಗೇ ಎಣಿಸುತ್ತಿದ್ದೆ. ಮಕ್ಕಳು ಮುಖ ಮುಖ ನೋಡಿಕೊಂಡರು, ಮೇಡಂಗೆ ಹುಷಾರಿಲ್ಲವೇನೋ ಅಂತ. ಎರಡನೇ ವಾರ ಕೊನೇ ಬೆಂಚಿನ ಒಬ್ಬ ಹುಡುಗ ಉತ್ತರ ಹೇಳಿದ. ತಪ್ಪು ಉತ್ತರ. ನನಗಂತೂ ಹಬ್ಬ.

ಇನ್ನು ವಿಜ್ಞಾನ ಸರ್‌ಗೆ ಥ್ಯಾಂಕ್ಸಿಗಿಂತ ಮೊದಲು ಕ್ಷಮೆ. ಅಷ್ಟರಲ್ಲಿ ನಾವೆಲ್ಲ ಸರದಿಯಂತೆ ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹಿಂದೆ ಕೂತು, ಕಂಡದ್ದನ್ನು ಹಾಳೆಯಲ್ಲಿ ಬರೆದು ಕೊಡಲು ಶುರು ಮಾಡಿದ್ದೆವು. ನನ್ನ ಸರದಿ ಬಂದಾಗ ಅವರ ಕ್ಲಾಸಿನಲ್ಲಿ ಕೂತು ‘ಬೋರ್ಡ್ ಕೆಲಸ ಅಚ್ಚುಕಟ್ಟಿಲ್ಲ, ಹಿಂದಿನವರಿಗೆ ಕಾಣಲ್ಲ’ ಅಂತ ಬರೆದು ಕೊಟ್ಟೆ. ಮಹಾ ತಪಾಸಣಾಧಿಕಾರಿ ನಾನು! ಹದಿನೈದು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಆಟ ಅಲ್ಲಿಗೇ ಮುಗಿಯಬೇಕಿತ್ತು. ಉಳಿಸಿದ್ದು, ಸುತ್ತಲಿನ ಶಾಲೆಗಳ ಟೀಚರುಗಳಿಗೆ ನೆರವಾಗುವ ನಮ್ಮ ಸಿಆರ್‌ಪಿ. ಒಂದು ಸಮಾಲೋಚನಾ ಸಭೆಯಲ್ಲಿ ಅವರು ಜಪಾನಿನ ‘ಜುಗ್ಯೋ ಕೆಂಕ್ಯೂ’ ಬಗ್ಗೆ ಹೇಳಿದರು. ಅಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದ ಪದ್ಧತಿ. ಟೀಚರುಗಳು ಸೇರಿ ಒಂದು ಪಾಠ ಸಿದ್ಧ ಮಾಡುತ್ತಾರೆ. ಒಬ್ಬರು ಕಲಿಸುತ್ತಾರೆ, ಮಿಕ್ಕವರು ಸುತ್ತ ನಿಂತು ಮಕ್ಕಳನ್ನು ನೋಡುತ್ತಾರೆ, ಟೀಚರನ್ನಲ್ಲ. ಪಾಠ ಎಲ್ಲರದೂ ಆದ್ದರಿಂದ ಅದು ಕೆಟ್ಟರೆ ಎಲ್ಲರ ಪಾಠವೂ ಕೆಟ್ಟ ಹಾಗೆ. ಮುಂದಿನ ಗುರುವಾರ ನಾನೂ ವಿಜ್ಞಾನ ಸರ್‌ ಕೂತು ಮಸೂರದ ಸೂತ್ರದ ಲೆಕ್ಕಗಳನ್ನು ಒಟ್ಟಿಗೆ ತಯಾರು ಮಾಡಿದೆವು. ಭಿನ್ನರಾಶಿಯಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ನನಗೆ ಗೊತ್ತಿತ್ತು, ಚಿಹ್ನೆಯಲ್ಲಿ ಎಲ್ಲಿ ಎಡವುತ್ತಾರೆ ಅನ್ನುವುದು ಅವರಿಗೆ. ಸರ್, ಮಾತು ಬಿಟ್ಟಿದ್ದಕ್ಕೂ ಮತ್ತೆ ಶುರು ಮಾಡಿದ್ದಕ್ಕೂ ವಂದನೆ.

ಎಲ್ಲರಿಗಿಂತ ಧೈರ್ಯ ತೋರಿಸಿದ್ದು ನಮ್ಮ ಇಂಗ್ಲಿಷ್ ಅತಿಥಿ ಶಿಕ್ಷಕಿ. ಕಾಯಂ ಕೆಲಸದ ನಾವೇ ಬಾಗಿಲು ಮುಚ್ಚಿಕೊಂಡು ಪಾಠ ಮಾಡುವವರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗಿ ‘ನನ್ನ ಕ್ಲಾಸಿಗೆ ಯಾವಾಗ ಬೇಕಾದ್ರೂ ಬನ್ನಿ’ ಅಂದಳು. ಹೆಚ್‌ಎಂ ಸರ್ ವೇಳಾಪಟ್ಟಿಯನ್ನು ಮೂರು ಸಲ ಹರಿದು ಬರೆದರು, ನಾವು ಒಬ್ಬರಿಗೊಬ್ಬರು ಬರೆದು ಕೊಟ್ಟ ಹಾಳೆಗಳಲ್ಲಿ ಏನಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಪಿಟಿ ಸರ್ ನಾವು ಬಿಟ್ಟು ಹೋದ ಕ್ಲಾಸುಗಳನ್ನು ನೋಡಿಕೊಂಡರು. ಬಿಸಿಯೂಟದ ಅಕ್ಕಂದಿರು ಗುರುವಾರದ ಟೀಗೆ ಯಾವತ್ತೂ ಇಲ್ಲ ಅನ್ನಲಿಲ್ಲ.

ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯ ನಲಿಕಲಿ ಮೇಡಂ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಹೈಸ್ಕೂಲಿನವರಿಗೆ ಅಲ್ಲೇನು ಕೆಲಸ ಅಂದುಕೊಂಡೇ ಹೋಗಿದ್ದೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಐದು ತಟ್ಟೆಗಳಲ್ಲಿ. ತಟ್ಟೆ ಅಂದರೆ ಗುಂಪು. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಪ್ರತಿ ಮಗುವೂ ಗೋಡೆಯ ಮೇಲಿನ ಏಣಿಯಲ್ಲಿ ತಾನು ಎಲ್ಲಿದ್ದೇನೆ ಅಂತ ನೋಡಿ, ತನ್ನ ಕಾರ್ಡು ತಾನೇ ತಂದುಕೊಂಡಿತು. ‘ಅರ್ಥ ಆಯ್ತಾ’ ಅಂತ ಯಾರೂ ಕೇಳಲಿಲ್ಲ. ಕಾರ್ಡು ನೋಡಿದರೇ ಗೊತ್ತಾಗುತ್ತಿತ್ತು.

ಈ ನಲಿಕಲಿಯೂ ಒಂದು ರೀತಿಯಲ್ಲಿ ಹಿಂದಿನ ಬೆಂಚಿನ ಕೂಸೇ. 1995ರಲ್ಲಿ ಹೆಗ್ಗಡದೇವನಕೋಟೆಯ ಟೀಚರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಿಗೆ ಹೋಗಿ, ನೋಡಿ ಬಂದು, ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದು. ಅವರು ಮೈಸೂರು ಜಿಲ್ಲೆಯಿಂದ ಅಷ್ಟು ದೂರ ಹೋದರು. ಮದನಪಲ್ಲಿ ಬಸ್ಸುಗಳು ನಮ್ಮ ಚಿಂತಾಮಣಿ ಮೇಲೇ ಓಡಾಡುತ್ತವೆ, ನಾನು ಒಂಬತ್ತು ವರ್ಷ ಅವುಗಳ ಬೋರ್ಡು ಮಾತ್ರ ಓದಿದೆ.

ಕಿಟಕಿ ಪಕ್ಕದ ಹುಡುಗಿ ಗಣಿತದಲ್ಲಿ 58 ತೆಗೆದಿದ್ದಾಳೆ. ನಿನ್ನೆ ಸಿಕ್ಕಿದ್ದಳು. ಅವತ್ತು ಗದರಿದ್ದಕ್ಕೆ ಸಾರಿ ಕಣೇ ಅಂದೆ. ‘ಯಾವತ್ತು ಮೇಡಂ?’ ಅಂದಳು. ಅಂಥ ದಿನಗಳು ಎಷ್ಟಿದ್ದವೋ!

ನಾಳೆ ಎಂಟು ಗಂಟೆಗೆ ಕನ್ನಡ ಮೇಡಂ ಕೂಡ ಬರುತ್ತಾರಂತೆ. ಹೆಚ್‌ಎಂ ಸರ್, ಹಿಂದಿನ ಬೆಂಚಿನ ಎಡಗಾಲು ಇನ್ನೂ ಅಲ್ಲಾಡುತ್ತಿದೆ. ಕೆಳಗಿಟ್ಟ ಇಟ್ಟಿಗೆಯೂ ಒಡೆದಿದೆ. ಸ್ವಲ್ಪ ರಿಪೇರಿ ಮಾಡಿಸಿ.