ನಮ್ಮ ಗ್ರಿಡ್ ನಮ್ಮ ಎಂ.ಟೆಕ್ ತರಗತಿಗೆ ಬರಲಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡುವ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ವಿದ್ಯಾರ್ಥಿವೇತನ ಮತ್ತು ಸಾಫ್ಟ್‌ವೇರ್ ಕಂಪನಿಗಳ ಸಂಬಳದ ಸುತ್ತಲೇ ಸುತ್ತುತ್ತದೆ. ಗೇಟ್ ಎಂಬ ರಾಷ್ಟ್ರೀಯ ಪರೀಕ್ಷೆ ಪಾಸಾದವರಿಗೆ ಸಿಗುವ ತಿಂಗಳಿಗೆ 12,400 ರೂಪಾಯಿ ನಗರದಲ್ಲಿ ರೂಮಿನ ಬಾಡಿಗೆಗೂ ಊಟಕ್ಕೂ ಸಾಲದು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸೇರಿದ ನನ್ನ ಸಹಪಾಠಿಗಳಿಗೆ ಅದೂ ಇಲ್ಲ. ಇದು ಸರಿಯಾಗಲೇಬೇಕು. ಆದರೆ ಪವರ್ ಸಿಸ್ಟಮ್ಸ್ ವಿಷಯದಲ್ಲಿ ಎರಡನೇ ವರ್ಷ ಓದುತ್ತಿರುವ ನನ್ನನ್ನು ಹೆಚ್ಚು ಕಾಡುವ ಕೊರತೆ ಬೇರೆ. ವಿದ್ಯುತ್ ಜಾಲವನ್ನೇ ಓದುವ ನಮ್ಮ ಮೇಜಿನ ಮೇಲೆ ಕರ್ನಾಟಕದ ವಿದ್ಯುತ್ ಜಾಲ ಇಲ್ಲ.

ನಾವು ಲೋಡ್ ಫ್ಲೋ, ಅಂದರೆ ಯಾವ ಮಾರ್ಗದಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೆಕ್ಕ ಕಲಿಯುವುದು 14-ಬಸ್ ಮಾದರಿಯ ಮೇಲೆ. ಬಸ್ ಎಂದರೆ ಮಾರ್ಗಗಳು ಬಂದು ಕೂಡುವ ಬಿಂದು. ಒಂದು ಉಪಕೇಂದ್ರವೆಂದು ತಿಳಿಯಬಹುದು. 1962ರ ಫೆಬ್ರವರಿಯಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಜಾಲ ಹೇಗಿತ್ತೋ ಅದರ ಒಂದು ತುಣುಕು ಇದು. ಜಾಲದ ಸ್ಥಿರತೆಯ ಅಧ್ಯಯನಕ್ಕೆ ಬಂದರೆ ನ್ಯೂ ಇಂಗ್ಲೆಂಡಿನ 39-ಬಸ್ ಮಾದರಿ. ಪಾಠ ಕಲಿಯಲು ಇವು ಉತ್ತಮವೇ, ಜಗತ್ತಿನಾದ್ಯಂತ ಬಳಸುತ್ತಾರೆ. ಆದರೆ ಪ್ರಾಜೆಕ್ಟ್ ವರದಿಗೂ ಅವೇ ಗತಿಯಾಗುವುದು ಸರಿಯಲ್ಲ.

ನಮ್ಮದು ಪಾವಗಡ ತಾಲ್ಲೂಕು. ಕಡಲೆಕಾಯಿ ಬಿತ್ತುತ್ತಿದ್ದ ನಮ್ಮ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಅದು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. ನಾನು ಈ ವಿಷಯ ಆರಿಸಿಕೊಂಡದ್ದೇ ಅದನ್ನು ನೋಡಿ. ನನ್ನ ಪ್ರಶ್ನೆ ಸರಳವಾಗಿದೆ: ಪಾವಗಡದ ಹತ್ತಿರದ 400 ಕೆವಿ ಮಾರ್ಗದಲ್ಲಿ ದೋಷವಾಗಿ ಅರೆಕ್ಷಣ ವೋಲ್ಟೇಜ್ ಕುಸಿದರೆ ಫಲಕಗಳ ಡಿಸಿ ವಿದ್ಯುತ್ತನ್ನು ಜಾಲಕ್ಕೆ ಬೇಕಾದ ಎಸಿಗೆ ಬದಲಿಸುವ ಅಲ್ಲಿನ ಇನ್ವರ್ಟರ್‌ಗಳಲ್ಲಿ ಎಷ್ಟು ತಡೆದುಕೊಂಡು ನಿಲ್ಲುತ್ತವೆ, ಎಷ್ಟು ಕಳಚಿಕೊಳ್ಳುತ್ತವೆ? ಕಳಚಿಕೊಂಡರೆ ಆ ಹೊರೆ ಯಾವ ಮಾರ್ಗಗಳ ಮೇಲೆ ಬೀಳುತ್ತದೆ? ಶರಾವತಿ, ವಾರಾಹಿಯ ಯಂತ್ರಗಳು ಎಷ್ಟು ಬೇಗ ಉತ್ಪಾದನೆ ಏರಿಸಬೇಕು? ಶರಾವತಿಯ ಜನರೇಟರ್‌ನಲ್ಲಿ ಟನ್‌ಗಟ್ಟಲೆ ತೂಕದ ರೋಟರ್ ತಿರುಗುತ್ತಿರುತ್ತದೆ. ಜಾಲಕ್ಕೆ ಪೆಟ್ಟು ಬಿದ್ದ ಮೊದಲ ಕೆಲವು ಸೆಕೆಂಡುಗಳಲ್ಲಿ ಆ ಚಲನೆಯ ಶಕ್ತಿಯೇ ಆಸರೆ. ಸೋಲಾರ್ ಫಲಕಕ್ಕೂ ಇನ್ವರ್ಟರ್‌ಗೂ ಅಂಥ ತಿರುಗುವ ತೂಕವಿಲ್ಲ. ಹೀಗಾಗಿ ಉತ್ತರ ನಿಂತಿರುವುದು ಪಾವಗಡದ ಸುತ್ತ ಜಾಲ ಎಷ್ಟು ಗಟ್ಟಿಯಾಗಿದೆ, ತಿರುಗುವ ಯಂತ್ರಗಳು ಎಲ್ಲಿವೆ ಎಂಬುದರ ಮೇಲೆ.

ಅದು ಗೊತ್ತಿಲ್ಲದ ನಾನು ಏನು ಮಾಡಬೇಕು? 39-ಬಸ್ ಮಾದರಿಯ 32ನೇ ಬಸ್‌ನಲ್ಲಿರುವ ಜನರೇಟರನ್ನು ಕಿತ್ತು, ಅಲ್ಲಿ ಒಂದು ಸೋಲಾರ್ ಘಟಕ ಕೂರಿಸಿ, ಅದನ್ನು ಪಾವಗಡವೆಂದು ಕರೆಯಬೇಕು. ಆ ಮಾದರಿ 60 ಹರ್ಟ್ಸ್‌ನದು, ನಮ್ಮ ಜಾಲ 50 ಹರ್ಟ್ಸ್‌ನದು. ಮಾರ್ಗಗಳ ರಿಯಾಕ್ಟೆನ್ಸ್ (ಎಸಿ ವಿದ್ಯುತ್ತಿಗೆ ಅವು ಒಡ್ಡುವ ತಡೆ) ಮೊದಲುಗೊಂಡು ಎಲ್ಲವನ್ನೂ ಬದಲಿಸಿದರೂ ಸುತ್ತಲಿನ ಜಾಲ ನ್ಯೂ ಇಂಗ್ಲೆಂಡಿನದೇ ಆಗಿ ಉಳಿಯುತ್ತದೆ. ಅಲ್ಲಿ ಬಂದ ಉತ್ತರವನ್ನು ನಮ್ಮ ಊರಿನ ಉಪಕೇಂದ್ರದ ಎಂಜಿನಿಯರ್ ಯಾವ ಧೈರ್ಯದಿಂದ ಬಳಸಿಯಾರು?

ದಕ್ಷಿಣ ಭಾರತದ ಜಾಲವನ್ನು 24 ಬಸ್‌ಗಳಿಗೆ ಇಳಿಸಿದ ಒಂದು ಕಿರುಮಾದರಿ ಹಳೆಯ ಸಂಶೋಧನಾ ಲೇಖನಗಳಲ್ಲಿ ಸಿಗುತ್ತದೆ. ಅದನ್ನು ಮಾಡಿದವರಿಗೆ ನಾವು ಋಣಿಗಳು. ಆದರೆ ಅದು 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲವನ್ನು ಕೂಡಿಕೊಳ್ಳುವ ಮೊದಲಿನದು; ಅದರಲ್ಲಿ ಸೋಲಾರ್ ಪಾರ್ಕಿನ ಮಾತೇ ಇಲ್ಲ. ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರದ ಜಾಲತಾಣದಲ್ಲಿ ಬೇಡಿಕೆ, ಉತ್ಪಾದನೆ, ಫ್ರೀಕ್ವೆನ್ಸಿಯ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಅದು ಒಳ್ಳೆಯ ವ್ಯವಸ್ಥೆ. ಲೆಕ್ಕಕ್ಕೆ ಬೇಕಾದ ಮಾರ್ಗ, ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳ ತಾಂತ್ರಿಕ ಮೌಲ್ಯಗಳು ಮಾತ್ರ ಅಲ್ಲಿ ಇರುವುದಿಲ್ಲ.

ಭದ್ರತೆಯ ಪ್ರಶ್ನೆ ಇದೆ ಎಂಬುದನ್ನು ಒಪ್ಪುತ್ತೇನೆ. ವಿದ್ಯುತ್ ಜಾಲದ ನೈಜ ನಕ್ಷೆಯನ್ನು ಎಲ್ಲರ ಕೈಗೆ ಕೊಡಲಾಗದು. ಇದಕ್ಕೆ ಅಮೆರಿಕದ ಸಂಶೋಧಕರು ದಾರಿ ತೋರಿಸಿದ್ದಾರೆ. ಟೆಕ್ಸಾಸ್ ರಾಜ್ಯದ ಭೂಪಟದ ಮೇಲೆ 2,000 ಬಸ್‌ಗಳ ಕಲ್ಪಿತ ಜಾಲವೊಂದನ್ನು ಕಟ್ಟಿ ಉಚಿತವಾಗಿ ಕೊಟ್ಟಿದ್ದಾರೆ. ಅದರ ಒಂದು ಮಾರ್ಗವೂ ನಿಜವಾದುದಲ್ಲ, ಆದರೆ ವರ್ತನೆ ನಿಜವಾದ ಜಾಲವನ್ನು ಹೋಲುತ್ತದೆ. ಕರ್ನಾಟಕಕ್ಕೂ ಅಂಥದೊಂದು ಮಾದರಿ ಬೇಕು. 400 ಮತ್ತು 220 ಕೆವಿ ಮಟ್ಟದ್ದಷ್ಟೇ ಆದರೂ ಸಾಕು; ಶರಾವತಿಯ ಜಲವಿದ್ಯುತ್, ರಾಯಚೂರಿನ ಶಾಖೋತ್ಪನ್ನ, ಪಾವಗಡದ ಸೌರ, ಚಿತ್ರದುರ್ಗ ಮತ್ತು ಗದಗದ ಪವನ ವಿದ್ಯುತ್ ಅದರಲ್ಲಿ ಇರಲಿ.

ಇದನ್ನು ಮಾಡಬಲ್ಲವರೆಲ್ಲ ನಮ್ಮಲ್ಲೇ ಇದ್ದಾರೆ. ಜಾಲದ ಒಳಹೊರಗು ಬಲ್ಲ, ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನ ಎಂಜಿನಿಯರುಗಳಿದ್ದಾರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇವೆ. ಇಂಧನ ಇಲಾಖೆ ಇವರನ್ನು ಒಂದೆಡೆ ಕೂರಿಸಬೇಕು. ಮಾದರಿ ಸಿದ್ಧವಾದ ಮೇಲೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಅದನ್ನು ಎಲ್ಲ ಎಂ.ಟೆಕ್ ಕಾಲೇಜುಗಳಿಗೆ ತಲುಪಿಸಬೇಕು. ಜಿಲ್ಲಾ ಕೇಂದ್ರಗಳಲ್ಲಿ ಓದುವವರಿಗೂ ಅದು ಅಷ್ಟೇ ಸುಲಭವಾಗಿ ಸಿಗಬೇಕು.

ನನ್ನ ವರದಿ ಈ ಸೆಮಿಸ್ಟರ್‌ಗೆ ಮುಗಿಯುತ್ತದೆ. ಮುಂದಿನ ತಂಡದವರು ವಿಷಯ ಆರಿಸಿಕೊಳ್ಳುವ ಹೊತ್ತಿಗಾದರೂ ಈ ಕೆಲಸ ಶುರುವಾಗಲಿ ಎಂದು ಇಂಧನ ಸಚಿವರನ್ನೂ ವಿಟಿಯು ಕುಲಪತಿಗಳನ್ನೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಎಂ.ಟೆಕ್ ವಿದ್ಯಾರ್ಥಿನಿ, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ