ನೀನು ಕಳಿಸಿದ ನೀಲಿ ಕಲ್ಲು ಯಾವ ಮನೆಯದು?

ಬಸವನಗುಡಿ, ಬೆಂಗಳೂರು
ಭಾನುವಾರ

ಪ್ರೀತಿಯ ಗೆಳೆಯಾ,

ಪುಣೆಯಿಂದ ನೀನು ಕಳಿಸಿದ ಡಬ್ಬಿ ಮೊನ್ನೆ ಸಂಜೆ ಕೈಸೇರಿತು. ಹತ್ತಿಯ ಪದರ ಒಂದೊಂದೇ ಬಿಡಿಸುವಾಗ ಕೈ ನಡುಗಿತು ಕಣೋ. ಕಾವನ್ಸೈಟ್ ಅನ್ನುವ ಈ ನೀಲಿ ಖನಿಜದ ಫೋಟೊ ಎಷ್ಟೋ ನೋಡಿದ್ದೆ, ಅಂಗೈಯಲ್ಲಿ ಇಟ್ಟುಕೊಂಡದ್ದು ಇದೇ ಮೊದಲು. ಪುಣೆ ಹತ್ತಿರದ ವಾಘೋಲಿಯ ಕಲ್ಲುಗಣಿಯ ತುಂಡು ಈಗ ನಮ್ಮ ಮನೆಯ ಕಿಟಕಿಯಲ್ಲಿದೆ. ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ?

ಬೆಳಿಗ್ಗೆ ಎಳೆ ಬಿಸಿಲು ಬಂದಾಗ ಹತ್ತು ಪಟ್ಟಿನ ಲೆನ್ಸ್ ಹಿಡಿದು ಕೂತೆ. ಕೆಳಗೆ ಸ್ಟಿಲ್ಬೈಟ್ ಅನ್ನುವ ಬಿಳಿ ಖನಿಜ. ಹುಲ್ಲಿನ ಕಂತೆ ಕಟ್ಟಿದ ಹಾಗೆ ನಡು ಸಣ್ಣ, ಎರಡೂ ತುದಿ ಅಗಲ, ಮೇಲೆ ಮುತ್ತಿನ ಹೊಳಪು. ಅದರ ಮೇಲೆ ಕಡಲೆಕಾಳಿನಷ್ಟು ದಪ್ಪದ ಐದು ನೀಲಿ ಉಂಡೆಗಳು. ಬರಿಗಣ್ಣಿಗೆ ಉಂಡೆ ಅಷ್ಟೇ. ಲೆನ್ಸಿನಲ್ಲಿ ನೋಡಿದರೆ ಪ್ರತಿ ಉಂಡೆಯೂ ನೂರಾರು ಸೂಜಿಗಳ ಗೊಂಚಲು, ಎಲ್ಲವೂ ಒಳಗಿನ ಒಂದೇ ಬಿಂದುವಿನಿಂದ ಹೊರಟಿವೆ. ನವಿಲಿನ ಕತ್ತಿನ ನೀಲಿ. ಧೂಳು ತೆಗೆಯೋಣ ಅಂತ ಮೆತ್ತನೆಯ ಬ್ರಶ್ ಆಡಿಸಿದೆ, ನಾಲ್ಕೈದು ಸೂಜಿ ಉದುರಿಬಿಟ್ಟವು. ಬಹಳ ಸಂಕಟವಾಯಿತು. ಇದರ ಗಡಸುತನ ಒಂದರಿಂದ ಹತ್ತರವರೆಗಿನ ಮೋಹ್ಸ್ ಅಳತೆಯಲ್ಲಿ 3ರಿಂದ 4. ಬೆಣಚುಕಲ್ಲಿನದು 7 ಅಲ್ವಾ? ಉದುರಿದ ಸೂಜಿಗಳನ್ನು ಒಂದು ಗಾಜಿನ ಸೀಸೆಯಲ್ಲಿ ಎತ್ತಿಟ್ಟಿದ್ದೇನೆ. ಇನ್ನು ಮುಂದೆ ಬ್ರಶ್ ಮುಟ್ಟಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಡಬ್ಬಿಯೊಳಗಿನ ಚೀಟಿಯಲ್ಲಿ 'ಜಿಯೋಲೈಟ್' ಅಂತ ಬರೆದಿದೆ, ಅದು ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಒಂದು ಖನಿಜ ಗುಂಪಿನ ಹೆಸರು. ಮಾರಿದವರು ಬರೆದದ್ದಿರಬೇಕು. ನೀನೂ ಫೋನಿನಲ್ಲಿ ಹಾಗೇ ಅಂದೆ. ಅದೊಂದು ತಿದ್ದಬೇಕು ಅಂತಲೇ ಈ ಪತ್ರ.

ತಪ್ಪು ಆಗುವುದು ಸಹಜ. ಸ್ಟಿಲ್ಬೈಟ್ ನಿಜವಾಗಿ ಜಿಯೋಲೈಟ್, ಕಾವನ್ಸೈಟ್ ಅದರ ತೊಡೆಯ ಮೇಲೇ ಕೂತಿದೆ. ಎರಡೂ ಹುಟ್ಟಿದ್ದು ಒಂದೇ ಥರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಲಾವಾ ಹರಿದು ಆರಿತು. ಒಳಗಿನ ಗುಳ್ಳೆ, ಬಿರುಕು ಹಾಗೇ ಪೊಳ್ಳಾಗಿ ಉಳಿದವು. ಆಮೇಲೆ ಬಿಸಿನೀರು ಆ ಪೊಳ್ಳುಗಳಲ್ಲಿ ಹರಿದು ಹರಳು ಕಟ್ಟಿತು. ಜಿಯೋಲೈಟಿನ ಹಾಗೆ ಇದರೊಳಗೂ ನೀರಿದೆ, ಕಾಯಿಸಿದರೆ ಹೊರಗೆ ಹೋಗುತ್ತದೆ. 1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರೋನ್‌ಸ್ಟೆಟ್ 'ಕುದಿಯುವ ಕಲ್ಲು' ಅನ್ನುವ ಅರ್ಥದಲ್ಲಿ ಜಿಯೋಲೈಟ್ ಅಂತ ಹೆಸರಿಟ್ಟದ್ದೂ ಆ ನೀರು ನೋಡಿಯೇ. ಆದರೆ ಒಂದೇ ವಠಾರದಲ್ಲಿ ಇದ್ದವರೆಲ್ಲ ಒಂದೇ ಮನೆತನದವರು ಆಗೋದಿಲ್ಲ.

ಮನೆತನ ಗೊತ್ತಾಗಬೇಕಾದರೆ ಒಳಗಿನ ಪರಮಾಣುಗಳು ಹೇಗೆ ಕೈ ಹಿಡಿದಿವೆ ಅಂತ ಎಣಿಸಬೇಕು. ಮೂರು ನಿಂಬೆಹಣ್ಣು ಕೆಳಗಿಡು, ಒಂದು ಮೇಲಿಡು, ನಡುವಿನ ಸಂದಿಯಲ್ಲಿ ಒಂದು ಮೆಣಸಿನಕಾಳು. ನಿಂಬೆಹಣ್ಣು ಆಕ್ಸಿಜನ್, ಮೆಣಸಿನಕಾಳು ಸಿಲಿಕಾನ್. ಸಿಲಿಕಾನ್, ಆಕ್ಸಿಜನ್ ಸೇರಿ ಆದ ಖನಿಜಗಳಿಗೆ, ಅಂದರೆ ಸಿಲಿಕೇಟುಗಳಿಗೆ, ಸಾಮಾನ್ಯವಾಗಿ ಇದೇ ಇಟ್ಟಿಗೆ. ಈ ಇಟ್ಟಿಗೆ ಪಕ್ಕದವರ ಜೊತೆ ಎಷ್ಟು ನಿಂಬೆಹಣ್ಣು ಹಂಚಿಕೊಳ್ಳುತ್ತದೆ ಅನ್ನುವುದರ ಮೇಲೆ ವರ್ಗ ನಿಂತಿದೆ. ಯಾರ ಜೊತೆಗೂ ಹಂಚದೆ ಒಂಟಿಯಾಗಿದ್ದರೆ ಗಾರ್ನೆಟ್. ಆರು ಸೇರಿ ಉಂಗುರವಾದರೆ ಪಚ್ಚೆ. ಉದ್ದ ಸರವಾದರೆ ಪೈರಾಕ್ಸೀನ್. ಮೂರು ಹಂಚಿಕೊಂಡರೆ ಚಾಪೆಯ ಹಾಗೆ ಪದರ, ಅಭ್ರಕವೂ ಬಳಪದ ಕಲ್ಲೂ ಹಾಗೆಯೇ. ನಾಲ್ಕೂ ಹಂಚಿಕೊಂಡರೆ ಎಲ್ಲ ದಿಕ್ಕಿಗೂ ಹಬ್ಬಿದ ಜೇನುಗೂಡು. ಬೆಣಚುಕಲ್ಲು, ಜಿಯೋಲೈಟು ಎರಡೂ ಆ ಸಾಲಿನವು.

ಈಗ ಕಾವನ್ಸೈಟಿನ ಸೂತ್ರ ನೋಡು. ಒಂದು ಕ್ಯಾಲ್ಸಿಯಂ, ಒಂದು ವನೇಡಿಯಂ, ಆ ವನೇಡಿಯಂಗೆ ಅಂಟಿದ ಒಂದು ಆಕ್ಸಿಜನ್, ನಾಲ್ಕು ನೀರಿನ ಅಣು. ಉಳಿದದ್ದು ನಾಲ್ಕು ಸಿಲಿಕಾನ್, ಹತ್ತು ಆಕ್ಸಿಜನ್. ಹಂಚಿಕೊಂಡ ಆಕ್ಸಿಜನ್ನಿಗೆ ಅರ್ಧ ಲೆಕ್ಕ ಹಾಕು. ಮೂರು ಹಂಚಿಕೊಂಡರೆ ಒಂದೂವರೆ, ಸ್ವಂತದ್ದು ಒಂದು, ಒಟ್ಟು ಎರಡೂವರೆ. ನಾಲ್ಕು ಸಿಲಿಕಾನಿಗೆ ಸರಿಯಾಗಿ ಹತ್ತು! ನಾಲ್ಕನ್ನೂ ಹಂಚಿಕೊಳ್ಳುವ ಜಿಯೋಲೈಟ್ ಆಗಿದ್ದರೆ ಎಂಟು ಬರಬೇಕಿತ್ತು, ಜೊತೆಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಕೂಡ ಇರಬೇಕಿತ್ತು. ಇದರಲ್ಲಿ ಅದು ಇಲ್ಲ. ಹಾಗಾಗಿ ಇದು ಪದರ ಸಿಲಿಕೇಟ್. ನೀನು ಹೋದ ವರ್ಷ ಕೊಟ್ಟ ಅಪೋಫಿಲೈಟ್ ಅನ್ನುವ ಖನಿಜದ್ದೂ ಇದೇ ಲೆಕ್ಕ, ಬೇಕಾದರೆ ಹಾಕಿ ನೋಡು.

ಬಣ್ಣದ ವಿಷಯವೂ ಸೊಗಸಾಗಿದೆ. ಅಮೆಥಿಸ್ಟಿನ ನೇರಳೆ ಚೂರೇ ಚೂರು ಕಬ್ಬಿಣದ ಕಲಬೆರಕೆಯಿಂದ ಬಂದದ್ದು. ಇಲ್ಲಿ ಹಾಗಲ್ಲ, ಪದರ ಪದರವನ್ನು ಹಿಡಿದು ಕಟ್ಟಿರುವ ವನೇಡಿಯಮ್ಮೇ ನೀಲಿಯನ್ನೂ ಕೊಡುತ್ತದೆ. ಅದನ್ನು ತೆಗೆದರೆ ಕಾವನ್ಸೈಟೇ ಇಲ್ಲ. ಹೆಸರೂ ಅದರಿಂದಲೇ: ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್, ಮೂರರ ಮೊದಲ ಅಕ್ಷರಗಳನ್ನು ಕೂಡಿಸಿದ್ದು. ಅಮೆರಿಕದ ಓರೆಗಾನಿನಲ್ಲಿ ಸಿಕ್ಕಿದ ಈ ಖನಿಜವನ್ನು ಸ್ಟೇಪಲ್ಸ್, ಇವಾನ್ಸ್, ಲಿಂಡ್ಸೆ ಅನ್ನುವ ಮೂವರು ವಿಜ್ಞಾನಿಗಳು ಸೇರಿ 1973ರಲ್ಲಿ ವಿವರಿಸಿದರು. ಜೊತೆಯಲ್ಲೇ ಪೆಂಟಗೊನೈಟ್ ಅನ್ನುವ ಇನ್ನೊಂದು ಖನಿಜವನ್ನೂ ವಿವರಿಸಿದರು. ಅದರ ಸೂತ್ರ ಪೂರ್ತಿ ಇದೇ, ಒಂದು ಅಣುವೂ ಆಚೀಚೆ ಇಲ್ಲ. ಆದರೆ ಚಾಪೆಯ ಹೆಣಿಗೆ ಬೇರೆ. ಕಾವನ್ಸೈಟಿನ ಪದರದಲ್ಲಿ ನಾಲ್ಕು ಮತ್ತು ಎಂಟು ಇಟ್ಟಿಗೆಗಳ ಉಂಗುರಗಳು, ಪೆಂಟಗೊನೈಟಿನಲ್ಲಿ ಆರು ಇಟ್ಟಿಗೆಗಳ ಉಂಗುರಗಳು. ಅಷ್ಟಕ್ಕೇ ಬೇರೆ ಖನಿಜ, ಬೇರೆ ಹೆಸರು. ಪೆಂಟಗೊನೈಟಿನ ಹರಳುಗಳು ಐದೈದು ಜೋಡಿಕೊಂಡು ನಕ್ಷತ್ರದ ಹಾಗೆ ಬೆಳೆಯುತ್ತವೆ, ಅದಕ್ಕೇ ಆ ಹೆಸರು; 'ಪೆಂಟ' ಅಂದರೆ ಐದು.

ನಿನ್ನೆ ಸಂಜೆ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಲಾಲ್‌ಬಾಗಿಗೆ ಹೋಗಿದ್ದೆ. ಕೆಂಪೇಗೌಡರ ಗೋಪುರದ ಬಂಡೆಯ ಮೇಲೆ, ನಾವಿಬ್ಬರೂ ಕೂರುತ್ತಿದ್ದ ಜಾಗದಲ್ಲೇ ಕೂತೆ. ಸುಮಾರು 300 ಕೋಟಿ ವರ್ಷದ, 'ನೈಸ್' (gneiss) ಅನ್ನುವ ಜಾತಿಯ ಪಟ್ಟೆ ಪಟ್ಟೆ ಕಲ್ಲು. ಅದರ ಕಪ್ಪು ಪಟ್ಟೆಯಲ್ಲಿ ಅಭ್ರಕದ ಚೂರುಗಳು ಇಳಿಬಿಸಿಲಿಗೆ ಮಿನುಗುತ್ತಿದ್ದವು. ಅದೂ ಪದರ ಸಿಲಿಕೇಟೇ. ಅದರ ಚಾಪೆಯಲ್ಲಿ ಒಂದು ಸಿಲಿಕಾನಿನ ಜಾಗಕ್ಕೆ ಅಲ್ಯೂಮಿನಿಯಂ ಬಂದು ಕೂತಿದೆ, ಆದರೂ ನಾಲ್ಕಕ್ಕೆ ಹತ್ತರ ಲೆಕ್ಕ ತಪ್ಪಿಲ್ಲ. ಡಬ್ಬಿ ತೆಗೆದು ನಿನ್ನ ನೀಲಿ ಕಲ್ಲನ್ನು ಅದರ ಪಕ್ಕದಲ್ಲಿ ಇಟ್ಟೆ. ಕತ್ತಲಾಗಿ ಸೆಕ್ಯುರಿಟಿಯವರು ಸೀಟಿ ಊದುವವರೆಗೂ ಎರಡನ್ನೂ ನೋಡುತ್ತಾ ಕೂತಿದ್ದೆ.

ಚೀಟಿ ಬದಲಾಯಿಸಿದ್ದೇನೆ: 'ಕಾವನ್ಸೈಟ್, ಪದರ ಸಿಲಿಕೇಟ್, ವಾಘೋಲಿ. ಕೆಳಗೆ ಸ್ಟಿಲ್ಬೈಟ್, ಜಿಯೋಲೈಟ್.' ಹಳೆಯ ಚೀಟಿಯನ್ನೂ ಬಿಸಾಡಿಲ್ಲ, ಹಿಂದೆ ನಿನ್ನ ಕೈಬರಹದಲ್ಲಿ ತಾರೀಕು ಇದೆ. ಯಾವತ್ತಾದರೂ ಅಲ್ಲಿ ಪೆಂಟಗೊನೈಟ್ ಕಣ್ಣಿಗೆ ಬಿದ್ದರೆ, ಎಷ್ಟೇ ಸಣ್ಣದಿರಲಿ, ನನಗೆ ಫೋನ್ ಮಾಡು. ರಾತ್ರಿ ಬಸ್ಸು ಹತ್ತಿ ನಾನೇ ಬರ್ತೀನಿ.

ಇಂತಿ ನಿನ್ನ,
ಲಾಲ್‌ಬಾಗಿನ ಗೆಳೆಯ